ಎ.ಸಿ. ಕಂಪ್ರೆಸರ್: ಫಿಕ್ಸೆಡ್ಡೋ, ವೇರಿಯಬಲ್ಲೋ?

ನಮ್ಮ ಮನೆಯಲ್ಲಿ ಎರಡು ಪೆಟ್ರೋಲ್ ಕಾರುಗಳಿವೆ. ಹಳೆಯದು 1.2 ಲೀಟರ್ ಹ್ಯಾಚ್‌ಬ್ಯಾಕ್, ಅದರ ಎ.ಸಿ. ಗ್ಯಾಸನ್ನು ಒತ್ತಿ ತಳ್ಳುವ ಕಂಪ್ರೆಸರ್ ಫಿಕ್ಸೆಡ್, ಅಂದರೆ ಪ್ರತಿ ಸುತ್ತಿಗೂ ಒಂದೇ ಅಳತೆಯಲ್ಲಿ ತಳ್ಳುವಂಥದ್ದು. ಹೊಸದರಲ್ಲಿರುವುದು ವೇರಿಯಬಲ್ ಡಿಸ್‌ಪ್ಲೇಸ್‌ಮೆಂಟ್ ಕಂಪ್ರೆಸರ್, ಅಂದರೆ ಆ ಅಳತೆ ಬದಲಾಗುವಂಥದ್ದು.

ಶಿರಾಡಿ ಘಾಟಿ ಹತ್ತುವಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಲಾರಿ ಹಿಂದೆ ಎರಡನೇ ಗೇರ್‌ನಲ್ಲಿ ಹೋಗುತ್ತಿರುವಾಗ ಹಳೇ ಕಾರಿನಲ್ಲಿ 'ಟಕ್' ಅಂತ ಕಂಪ್ರೆಸರ್‌ನ ಕ್ಲಚ್ (ಅದನ್ನು ಎಂಜಿನ್‌ಗೆ ಜೋಡಿಸುವ, ಬಿಡಿಸುವ ಭಾಗ) ಕೂರುತ್ತದೆ, ಎಳೆತ ಬಿದ್ದುಹೋಗುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಟಕ್, ಕಾರು ಹಗುರಾಗುತ್ತದೆ. ಈ ಕಂಪ್ರೆಸರ್‌ಗೆ ಗೊತ್ತಿರುವುದು ಎರಡೇ. ಪೂರ್ತಿ ದುಡಿಯುವುದು, ಇಲ್ಲ ಸುಮ್ನೆ ಇರುವುದು. ಕೂಲಿಂಗ್ ಕಾಯಿಲ್ ಸೊನ್ನೆ ಡಿಗ್ರಿ ಹತ್ತಿರ ಬಂದರೆ ಮಂಜು ಕಟ್ಟುತ್ತದೆ, ಅದಕ್ಕೇ ಕ್ಲಚ್ ಬಿಡುತ್ತದೆ.

ಹೊಸ ಕಾರಿನಲ್ಲಿ ಈ ಜಗ್ಗಾಟ ಇಲ್ಲ. ಕಂಪ್ರೆಸರ್ ಒಳಗೆ ಸ್ವಾಶ್ ಪ್ಲೇಟ್ ಅನ್ನುವ ಓರೆ ತಟ್ಟೆ ತಿರುಗುತ್ತಾ ಪಿಸ್ಟನ್‌ಗಳನ್ನು ಹಿಂದೆ ಮುಂದೆ ತಳ್ಳುತ್ತದೆ. ತಟ್ಟೆ ಜಾಸ್ತಿ ಓರೆಯಾದಷ್ಟೂ ಪಿಸ್ಟನ್ ಓಡುವ ದೂರ ಜಾಸ್ತಿ, ಗ್ಯಾಸೂ ಜಾಸ್ತಿ. ಕಂಟ್ರೋಲ್ ವಾಲ್ವ್ ಹೈ ಪ್ರೆಶರ್ ಗ್ಯಾಸನ್ನು ತಟ್ಟೆ ಇರುವ ಕೋಣೆಗೆ ಬಿಟ್ಟರೆ ಪಿಸ್ಟನ್‌ಗಳ ಬೆನ್ನಿಗೆ ಒತ್ತಡ ಬಿದ್ದು ತಟ್ಟೆ ನೆಟ್ಟಗಾಗುತ್ತದೆ, ಕೆಲಸ ಕಡಿಮೆಯಾಗುತ್ತದೆ. ಕೆಲವು ಕಾರುಗಳಲ್ಲಿ ಈ ವಾಲ್ವ್ ಸಕ್ಷನ್ ಪ್ರೆಶರ್ (ಕಂಪ್ರೆಸರ್ ಒಳಗೆ ಎಳೆದುಕೊಳ್ಳುವ ಗ್ಯಾಸಿನ ಒತ್ತಡ) ನೋಡಿಕೊಂಡು ತಾನೇ ಆಡುತ್ತದೆ. ನನ್ನದರಲ್ಲಿ ಕಾರಿನ ಕಂಪ್ಯೂಟರ್ ಆಡಿಸುತ್ತದೆ. ಬೆಂಗಳೂರಿನ ತಂಪು ಸಂಜೆಯಲ್ಲಿ ಅದು ಬೇಕಾದಷ್ಟೇ ದುಡಿಯುತ್ತದೆ, ಹಾಗಾಗಿ ಗಾಳಿಯ ತಂಪು ಏರಿಳಿಯುವುದಿಲ್ಲ.

ಆದರೆ ಮೇ ತಿಂಗಳ ಕಲಬುರಗಿಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರು ಹತ್ತಿ ನೋಡಿ. ಎರಡೂ ಒಂದೇ! ಅಷ್ಟು ಸೆಕೆಗೆ ತಟ್ಟೆ ಪೂರ್ತಿ ಓರೆಯಾಗಿಯೇ ಇರಬೇಕು, ಅಂದರೆ ಅದೂ ಫಿಕ್ಸೆಡ್ ಆದ ಹಾಗೇ ಅಲ್ವಾ? 'ವೇರಿಯಬಲ್ ಅಂದ್ರೆ ಜಾಸ್ತಿ ಕೂಲಿಂಗ್' ಅನ್ನುವ ಮಾತನ್ನು ನಂಬಬೇಡಿ.

ರಿಪೇರಿಯಲ್ಲಿ ಹಳೆಯದೇ ವಾಸಿ. ಕ್ಲಚ್ ಕೂರುತ್ತಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ. ಹೊಸದಕ್ಕೆ ಕ್ಲಚ್ಚೇ ಇಲ್ಲ, ಎ.ಸಿ. ಆಫ್ ಇದ್ದರೂ ತಿರುಗುತ್ತಲೇ ಇರುತ್ತದೆ. ಅದರ ಕೂಲಿಂಗ್ ಕುಗ್ಗಿದಾಗ ಒಂದು ಗ್ಯಾರೇಜಿನಲ್ಲಿ ಒತ್ತಡ ಅಳೆಯುವ ಗೇಜ್ ಕೂಡ ಹಾಕದೆ ಗ್ಯಾಸ್ ತುಂಬಿಸಿ ಕಳಿಸಿದರು. ತೊಂದರೆ ಹಾಗೇ ಉಳಿಯಿತು. ಗ್ಯಾಸ್ ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಎರಡೂ ಗೇಜ್ ಕೆಳಗಿರುತ್ತವೆ. ನನ್ನದರಲ್ಲಿ ಲೋ ಸೈಡ್ (ಕಂಪ್ರೆಸರ್‌ಗೆ ಗ್ಯಾಸ್ ಬರುವ ಕಡೆ) ಏರಿತ್ತು, ಹೈ ಸೈಡ್ (ಹೊರಗೆ ಹೋಗುವ ಕಡೆ) ಇಳಿದಿತ್ತು. ಕೆಟ್ಟಿದ್ದು ವಾಲ್ವ್. ಪಿಸ್ಟನ್ ಸವೆದರೂ ಗೇಜ್ ಹೀಗೇ ತೋರಿಸುತ್ತದೆ, ನಿಜ. ಆದರೂ ಇಡೀ ಕಂಪ್ರೆಸರ್ ಬದಲಿಸಿ ಅಂದರೆ ಒಪ್ಪುವ ಮುಂಚೆ ವಾಲ್ವ್ ಒಂದನ್ನೇ ಬದಲಿಸಿ ನೋಡಬಹುದಾ ಅಂತ ಕೇಳಿ. ಎಷ್ಟೋ ಮಾದರಿಗಳಲ್ಲಿ ಗ್ಯಾಸ್ ತೆಗೆದು, ಅದನ್ನು ಹಿಡಿದಿಟ್ಟಿರುವ ಸರ್ಕ್ಲಿಪ್ ಅನ್ನುವ ಉಂಗುರ ಬಿಚ್ಚಿದರೆ ಅದು ಕೈಗೆ ಬರುತ್ತದೆ.