ಎಂಜಿನ್ ಬದಲಾದ ಅಂಬಾಸಿಡರಿಗೆ ಎಸಿ ಜೋಡಣೆ: ಬೈಕಂಪಾಡಿಯ ಒಂದು ಗ್ಯಾರೇಜಿನ ಕೆಲಸ

ನಮ್ಮ ಹಳೆಯ ಅಂಬಾಸಿಡರಿನ 1489 ಸಿಸಿ ಎಂಜಿನ್ ಇಳಿಸಿ, 1800 ಐಎಸ್‌ಝಡ್ ಮಾದರಿಯಲ್ಲಿ ಬರುತ್ತಿದ್ದ ಇಸುಜು 1.8 ಲೀಟರ್ ಪೆಟ್ರೋಲ್ ಎಂಜಿನ್ ಕೂರಿಸಿದ ಮೇಲೆ ಓಟದ ಬಗ್ಗೆ ದೂರುವಂಥದ್ದೇನೂ ಉಳಿಯಲಿಲ್ಲ. ಆದರೆ ಎಂಜಿನ್ ಮಾಡಿದವರು ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಎಸಿಯ ಕಂಪ್ರೆಸರನ್ನು ಬಿಚ್ಚಿ ಡಿಕ್ಕಿಯಲ್ಲಿಟ್ಟು, ಪೈಪುಗಳ ಬಾಯಿಗೆ ಪ್ಲಾಸ್ಟಿಕ್ ಸುತ್ತಿ ಕಳಿಸಿದ್ದರು. ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಅದನ್ನು ಹಾಗೆಯೇ ಬಿಡುವಂತಿರಲಿಲ್ಲ. ಬೈಕಂಪಾಡಿ ಕಡೆ ಕಾರುಗಳ ಎಸಿ ಕೆಲಸವನ್ನಷ್ಟೇ ಮಾಡುವ ಸಣ್ಣ ಗ್ಯಾರೇಜೊಂದಕ್ಕೆ ಕಾರು ಒಪ್ಪಿಸಿದೆವು.

ಬೇರೆ ಕಡೆ ವಿಚಾರಿಸಿದಾಗ ಎದುರಾದ ಮೊದಲ ಪ್ರಶ್ನೆ "ಗ್ಯಾಸ್ ಹಾಕ್ಲಿಕ್ಕುಂಟಾ?" ಎಂಬುದು. ಇಲ್ಲಿನ ಹಿರಿಯ ಮೆಕ್ಯಾನಿಕ್ ಮಾತ್ರ, "ಗ್ಯಾಸ್ ಕಡೆಗೆ ನೋಡುವ ಸರ್, ಮೊದಲು ಬೆಲ್ಟ್ ಸರಿ ಕೂತ್ಕೊಳ್ಲಿ" ಎಂದವರೇ ಬೆಲ್ಟನ್ನು ತಿರುಗಿಸುವ ಎಂಜಿನ್ನಿನ ಕ್ರ್ಯಾಂಕ್ ಪುಲ್ಲಿಯ ಮುಖಕ್ಕೆ ಉಕ್ಕಿನ ಪಟ್ಟಿಯೊಂದನ್ನು ಒತ್ತಿ ಹಿಡಿದು, ಕಂಪ್ರೆಸರಿನ ಪುಲ್ಲಿ ಅದೇ ಸಾಲಿಗೆ ಬರುತ್ತದೆಯೇ ಎಂದು ನೋಡತೊಡಗಿದರು. ಕಂಪ್ರೆಸರನ್ನು ಹಿಡಿದಿಡುವ ಹಳೆಯ ಎಂಜಿನ್ನಿನ ಬ್ರಾಕೆಟ್ ಇಸುಜು ಬ್ಲಾಕಿಗೆ ಕೂರುವುದಿಲ್ಲ. ಅವರು ಗುಜರಿಯಿಂದ ಎಸಿ ಇದ್ದ 1800 ಐಎಸ್‌ಝಡ್ ಕಾರಿನ ಬ್ರಾಕೆಟ್ ತರಿಸಿದರು. ಕಂಪ್ರೆಸರ್ ಬೇರೆಯಾದ್ದರಿಂದ ಪುಲ್ಲಿ ಆಗಲೂ ತುಸು ಒಳಗೆ ಉಳಿದಿತ್ತು. ನಡುವೆ ವಾಷರ್ ತುರುಕಿ ಮುಗಿಸಬಹುದಾಗಿದ್ದ ಈ ಅಂತರಕ್ಕೆ ಲೇತಿನಲ್ಲಿ ಅಳತೆಯ ಬುಷ್ ಕಡೆಸಿ ಹಾಕಿದ್ದು, ನನ್ನ ಮಟ್ಟಿಗೆ, ಇಡೀ ಕೆಲಸದಲ್ಲಿ ಅತ್ಯುತ್ತಮ ಭಾಗ. ಪುಲ್ಲಿಯ ಸಾಲು ಚೂರು ತಪ್ಪಿದರೂ ಬೆಲ್ಟ್ ಕಿರುಚುತ್ತದೆ, ಬೇಗ ಸವೆಯುತ್ತದೆ. ಬ್ರಾಕೆಟ್ ಸಡಿಲವಾದರಂತೂ ಎಂಜಿನ್ನಿನ ನಡುಕಕ್ಕೆ ಬೋಲ್ಟೇ ತುಂಡಾಗುತ್ತದೆ.

ನಮ್ಮ ಎಸಿ ಮೂಲತಃ ಆರ್-12 ಗ್ಯಾಸಿನದು. ಓಝೋನ್ ಪದರಕ್ಕೆ ಹಾನಿಕರವೆಂದು 1987ರ ಮಾಂಟ್ರಿಯಲ್ ಒಪ್ಪಂದದ ಬಳಿಕ ಹಂತಹಂತವಾಗಿ ಕೈಬಿಟ್ಟ ಆ ಗ್ಯಾಸಿನ ಬದಲು ಈಗ ಇಂಥ ಕಾರುಗಳಿಗೆ ಆರ್-134ಎ ತುಂಬುತ್ತಾರೆ. ಹಳೆಯ ಮಿನರಲ್ ಆಯಿಲ್ ಹೊಸ ಗ್ಯಾಸಿನೊಡನೆ ಬೆರೆಯದ ಕಾರಣ ಕಂಪ್ರೆಸರಿಗೆ ಸರಿಯಾಗಿ ಮರಳುವುದಿಲ್ಲ, ಕಂಪ್ರೆಸರ್ ಒಣಗಿ ಜಾಮ್ ಆಗುತ್ತದೆ. ಹಾಗಾಗಿ ಕೂಲಿಂಗ್ ಕಾಯಿಲನ್ನು ತೊಳೆದು, ಎಲ್ಲ ಓ-ರಿಂಗುಗಳನ್ನೂ ಹೋಸುಗಳನ್ನೂ ಬದಲಿಸಿ, ಆರ್-134ಎಗೆ ಹೊಂದುವ ಆಯಿಲ್ ಹಾಕಿದ ರೀಕಂಡೀಷನ್ ಮಾಡಿದ ಕಂಪ್ರೆಸರ್ ಮತ್ತು ಹೊಸ ಕಂಡೆನ್ಸರ್ ಕೂರಿಸಿದರು. ಗ್ಯಾಸಿನಲ್ಲಿನ ತೇವ ಹೀರುವ ಹೊಸ ಡ್ರೈಯರಿನ ಮುಚ್ಚಳವನ್ನು ವ್ಯಾಕ್ಯೂಮ್ ಪಂಪ್ ಹಚ್ಚುವ ತನಕ ತೆರೆಯಲೇ ಇಲ್ಲ. ಕರಾವಳಿಯ ಗಾಳಿಯ ತೇವವನ್ನು ಅದು ಹೀರಿಕೊಂಡುಬಿಟ್ಟರೆ ಹಾಕಿಯೂ ಪ್ರಯೋಜನವಿಲ್ಲ. ವ್ಯಾಕ್ಯೂಮ್ ಮಾಡಿದ ಮೇಲೆ ಪಂಪ್ ನಿಲ್ಲಿಸಿ, ಗೇಜಿನ ಮುಳ್ಳು ಕದಲುವುದಿಲ್ಲವೆಂದು ಖಾತ್ರಿಯಾಗುವವರೆಗೆ ಕಾದು, ಆಮೇಲೆ ಗ್ಯಾಸನ್ನು ತಕ್ಕಡಿಯ ಮೇಲಿಟ್ಟು ತೂಕದ ಲೆಕ್ಕದಲ್ಲೇ ತುಂಬಿದರು.

ಕಾರ್ಬುರೇಟರ್ ಎಂಜಿನ್ ಆದ್ದರಿಂದ ಎಸಿ ಹಾಕಿದೊಡನೆ ಥ್ರಾಟಲನ್ನು ತುಸು ಎತ್ತುವ ವ್ಯಾಕ್ಯೂಮ್ ಆಕ್ಚುಯೇಟರ್ ಜೋಡಿಸಿದ್ದಾರೆ. ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗಲೂ ಎಂಜಿನ್ ಬಿಕ್ಕುವುದಿಲ್ಲ, ಆಫ್ ಆಗುವುದಿಲ್ಲ. ಇಂಜೆಕ್ಷನ್ ಎಂಜಿನ್ ಕೂರಿಸಿದವರಿಗೆ ಇಷ್ಟು ಸಾಲದು. ಎಸಿ ಆನ್ ಆದ ಸುದ್ದಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯುಗೆ ತಲುಪುವಂತೆ ವೈರಿಂಗ್ ಮಾಡಬೇಕಾಗುತ್ತದೆ.

ಮತ್ತು ವೈರಿಂಗ್ ಈ ಗ್ಯಾರೇಜಿನ ಕೈಗೆ ಒಗ್ಗಿದ ಕೆಲಸವಲ್ಲ. ಕಂಪ್ರೆಸರಿನ ಕ್ಲಚ್ಚಿಗೂ ಕಂಡೆನ್ಸರ್ ಫ್ಯಾನಿಗೂ ಒಂದೇ ತೆಳು ವೈರಿನಲ್ಲಿ, ಸ್ವಿಚ್ಚಿನ ಬದಲು ಹೆಚ್ಚಿನ ಕರೆಂಟ್ ಹೊರುವ ರಿಲೇ ಇಲ್ಲದೆ, ಡ್ಯಾಶ್‌ಬೋರ್ಡಿನ ಸ್ವಿಚ್ಚಿನಿಂದ ನೇರ ಕರೆಂಟ್ ಕೊಟ್ಟಿದ್ದರು, ಸ್ವಿಚ್ ಬಿಸಿಯಾಗುತ್ತಿತ್ತು. ಪ್ರೆಶರ್ ಸ್ವಿಚ್ಚನ್ನಂತೂ ಜೋಡಿಸಿಯೇ ಇರಲಿಲ್ಲ. ಗ್ಯಾಸ್ ಸೋರಿಹೋದಾಗ ಅಥವಾ ಒತ್ತಡ ಮಿತಿಮೀರಿದಾಗ ಕಂಪ್ರೆಸರನ್ನು ನಿಲ್ಲಿಸುವುದು ಅದೇ ತಾನೆ? ಹೇಳಿದ ಮೇಲೆ ತಕರಾರಿಲ್ಲದೆ ಎರಡು ರಿಲೇ, ಪ್ರತ್ಯೇಕ ಫ್ಯೂಸು, ಪ್ರೆಶರ್ ಸ್ವಿಚ್ ಎಲ್ಲವನ್ನೂ ಹಾಕಿಕೊಟ್ಟರು, ಹೆಚ್ಚಿನ ಕೂಲಿ ಕೇಳಲಿಲ್ಲ, ಆದರೂ ಹೇಳಿಸಿಕೊಳ್ಳಬಾರದಿತ್ತು. ಬಿಲ್ಲಿನಲ್ಲಿ ಸಾಮಾನು ಮತ್ತು ಕೂಲಿಯನ್ನು ಒಟ್ಟುಗೂಡಿಸಿ ಒಂದೇ ಮೊತ್ತ ಬರೆಯುವ ರೂಢಿಯೂ ಸರಿಯಲ್ಲ.

ತಂಪು ಮುಂದಿನ ಸೀಟಿಗೆ ಧಾರಾಳವಾಗಿ ಬರುತ್ತದೆ, ಹಿಂದಿನ ಸೀಟಿಗೆ ನಿಧಾನ. ಡ್ಯಾಶ್‌ಬೋರ್ಡಿನ ಕೆಳಗೆ ತೂಗುಹಾಕಿದ ಹಳೆಯ ಯುನಿಟ್ಟಿನಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸುವಂತಿಲ್ಲ. ಎಂಜಿನ್ ಬದಲಾವಣೆಯನ್ನು ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಏರಿಸಿಕೊಳ್ಳುವ ಹೊಣೆ ಕಾರಿನವರದೇ, ಅದರಲ್ಲಿ ಇವರ ಪಾತ್ರವಿಲ್ಲ. ಇಂಥದೇ ಕಾರು ಇರುವವರು ಹೊಸ ಎಂಜಿನ್ ಕೂರಿಸುವ ಮುನ್ನವೇ ಇಲ್ಲಿಗೆ ಬಂದು ಮಾತಾಡಿದರೆ, ಬ್ರಾಕೆಟ್ಟನ್ನು ಎಂಜಿನ್ ಹೊರಗಿರುವಾಗಲೇ ಕಟ್ಟಿಸಿಕೊಳ್ಳಬಹುದು. ನಮ್ಮ ಕಾರಿನಲ್ಲಿ ಅದಕ್ಕಾಗಿ ರೇಡಿಯೇಟರನ್ನು ಮತ್ತೊಮ್ಮೆ ಬಿಚ್ಚಬೇಕಾಯಿತು, ಆ ಕೂಲಿಯೂ ಬಿಲ್ಲಿಗೆ ಸೇರಿತು.