ಲಿಬ್ರೆಆಫೀಸ್‌ಗೆ ಮೂರು ದಾರಿ: ಅನುವಾದ, ಕೋಡ್, ಬಗ್ ಪರೀಕ್ಷೆ

ಓಪನ್ ಸೋರ್ಸ್‌ನಲ್ಲಿ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ ತಂತ್ರಾಂಶಗಳಲ್ಲಿ) ಏನಾದರೂ ಮಾಡಬೇಕು ಎಂದು ಕನ್ನಡದವರು ಕೇಳಿದರೆ "ಅನುವಾದದಿಂದ ಶುರು ಮಾಡಿ" ಎನ್ನುತ್ತಾರೆ. ಕೇಳಿದವರು ಎಂಜಿನಿಯರಿಂಗ್ ಓದುತ್ತಿದ್ದರೆ "ನೇರ ಕೋಡ್‌ಗೇ ಇಳಿಯಿರಿ" ಎನ್ನುತ್ತಾರೆ. ಪತ್ರ, ಲೆಕ್ಕದ ಹಾಳೆ ಮಾಡುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ನಾನು ಎರಡನ್ನೂ ಮಾಡಿದ್ದೇನೆ. ಅದರ ಜೊತೆಗೆ ಯಾರೂ ಅಷ್ಟಾಗಿ ಹೇಳದ ಮೂರನೆಯದನ್ನೂ ಮಾಡಿದ್ದೇನೆ: ಬೇರೆಯವರು ವರದಿ ಮಾಡಿದ ದೋಷಗಳನ್ನು, ಅಂದರೆ ಬಗ್‌ಗಳನ್ನು ಪರೀಕ್ಷಿಸುವುದು. ಹೊಸಬರಿಗೆ ನನ್ನ ಸಲಹೆ ಈ ಮೂರನೆಯದೇ.

ಮೊದಲು ಅನುವಾದ. ಇದು ವೆಬ್ಲೇಟ್ ಎಂಬ ತಾಣದಲ್ಲಿ ನಡೆಯುತ್ತದೆ. ಖಾತೆ ಮತ್ತು ಬ್ರೌಸರ್ ಇದ್ದರೆ ಸಾಕು, ಹಳೆಯ ಕಂಪ್ಯೂಟರ್ ಆದರೂ ನಡೆಯುತ್ತದೆ. ಮೆನು, ಬಟನ್‌ಗಳ ಸಾಲುಗಳು ಒಂದು ಕಡೆ, ಸಹಾಯ ಪುಟಗಳು ಇನ್ನೊಂದು ಕಡೆ. ಈ ಸಹಾಯ ಪುಟಗಳ ರಾಶಿ ಬಹಳ ದೊಡ್ಡದು, ಹೊಸಬರು ಅದಕ್ಕೆ ಕೈ ಹಾಕದಿರುವುದೇ ಒಳ್ಳೆಯದು. ಕಲಿಯಬೇಕಾದ ಸಣ್ಣಪುಟ್ಟ ನಿಯಮಗಳಿವೆ. ಶಾರ್ಟ್‌ಕಟ್ ಅಕ್ಷರದ ಮುಂದಿರುವ ಗುರುತನ್ನು ಬಿಡಬಾರದು, ನಡುವೆ ಬರುವ ಡಾಲರ್, ಶೇಕಡಾ ಚಿಹ್ನೆಗಳನ್ನು ಮುಟ್ಟಬಾರದು. ಕಷ್ಟ ಇರುವುದು ಬೇರೆ ಕಡೆ. ಸಾಲು ಒಂದೊಂದೇ ಕಣ್ಣ ಮುಂದೆ ಬರುತ್ತದೆ, ಅದು ಪರದೆಯ ಯಾವ ಮೂಲೆಯಲ್ಲಿ ಕಾಣುತ್ತದೆ ಎಂದು ತಿಳಿಯುವುದಿಲ್ಲ. ತಂತ್ರಾಂಶವನ್ನು ಚೆನ್ನಾಗಿ ಬಳಸಿದವರಿಗೆ ಮಾತ್ರ ಅದು ಹೊಳೆಯುತ್ತದೆ. ಮಾಡಿದ ಕೆಲಸ ಜನರ ಕಂಪ್ಯೂಟರ್‌ಗೆ ತಲುಪುವುದೂ ಮುಂದಿನ ಬಿಡುಗಡೆಯಲ್ಲೇ. ಹೊಸ ಆವೃತ್ತಿ ಬರುವುದು ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ.

ಇನ್ನು ಕೋಡ್. ಹೊಸಬರಿಗೆಂದೇ 'ಈಸಿ ಹ್ಯಾಕ್' ಎಂದು ಗುರುತು ಹಾಕಿದ ಕೆಲಸಗಳಿವೆ. ಯಾವ ಫೈಲ್ ನೋಡಬೇಕು ಎಂಬ ಸುಳಿವನ್ನೂ ಎಷ್ಟೋ ಕಡೆ ಕೊಟ್ಟಿರುತ್ತಾರೆ. ಆದರೆ ಅಲ್ಲಿಗೆ ತಲುಪುವ ಮೊದಲು ಇಡೀ ತಂತ್ರಾಂಶವನ್ನು ನಿಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಬೇಕು, ಅಂದರೆ ಕೋಡ್‌ನಿಂದ ಓಡುವ ತಂತ್ರಾಂಶ ಕಟ್ಟಬೇಕು. ಸಿ++ ಭಾಷೆಯಲ್ಲಿ ಬರೆದ ಭಾರೀ ಕೋಡ್ ಅದು, ಇದರ ಬೇರು 1980ರ ದಶಕದ ಜರ್ಮನ್ ಕಂಪನಿಯೊಂದರ ಸ್ಟಾರ್‌ಆಫೀಸ್‌ನಲ್ಲಿದೆ. ಹತ್ತಾರು ಜಿಬಿ ಜಾಗ ಬೇಕು. ಸಾಧಾರಣ ಲ್ಯಾಪ್‌ಟಾಪ್ ಆದರೆ ಮೊದಲ ಬಿಲ್ಡ್‌ಗೆ ಗಂಟೆಗಟ್ಟಲೆ ಹಿಡಿಯುತ್ತದೆ, ಮೆಮೊರಿ ಕಡಿಮೆಯಿದ್ದರೆ ನಡುವೆಯೇ ನಿಲ್ಲಬಹುದು. ಅದು ಮುಗಿದರೆ ಮುಂದಿನದು ಖುಷಿ ಕೊಡುವ ಭಾಗ. ಪ್ಯಾಚ್ (ನೀವು ಕೋಡ್‌ನಲ್ಲಿ ಮಾಡಿದ ಬದಲಾವಣೆ) ಕೋಡ್ ಪರಿಶೀಲಿಸುವ ತಾಣ ಗೆರಿಟ್‌ಗೆ ಹೋಗುತ್ತದೆ, ಜೆಂಕಿನ್ಸ್ ಎಂಬ ತಂತ್ರಾಂಶ ತಾನಾಗಿಯೇ ಅದನ್ನು ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ಬಿಲ್ಡ್ ಮಾಡಿ ನೋಡುತ್ತದೆ, ಅನುಭವಿಗಳು ಸಾಲು ಸಾಲಾಗಿ ಓದಿ ತಿದ್ದುಪಡಿ ಹೇಳುತ್ತಾರೆ. ಕಾಲೇಜಿನಲ್ಲಿ ಸಿಗದ ಪಾಠ ಇದು. ಜೊತೆಗೆ ನಿಮ್ಮ ಕೊಡುಗೆ ಯಾವ ಲೈಸೆನ್ಸ್‌ನಡಿ ಎಂದು ಒಂದು ಸಾಲು ಬರೆದು ಕಳಿಸಬೇಕು, ಅಷ್ಟೇ.

ಬಗ್ ಪರೀಕ್ಷೆಗೆ ಬಿಲ್ಡ್ ಬೇಡ, ಸಿ++ ಬೇಡ. ಬಗ್ ವರದಿಗಳ ತಾಣ ಬಗ್‌ಜಿಲ್ಲಾದಲ್ಲಿ 'ಅನ್‌ಕನ್ಫರ್ಮ್ಡ್' (ಇನ್ನೂ ಖಚಿತವಾಗಿಲ್ಲ) ಎಂದಿರುವ ವರದಿಯೊಂದನ್ನು ತೆರೆಯಿರಿ. ಹೇಳಿದ ಹಾಗೆಯೇ ನಿಮ್ಮ ಯಂತ್ರದಲ್ಲಿ ಮಾಡಿ ನೋಡಿ. ತೊಂದರೆ ನಿಮಗೂ ಕಂಡರೆ ನಿಮ್ಮ ಆವೃತ್ತಿಯ ವಿವರ ಹಾಕಿ ಬರೆಯಿರಿ, ವರದಿ 'ನ್ಯೂ' ಆಗುತ್ತದೆ, ಅಂದರೆ ಬಗ್ ಖಚಿತವಾಯಿತು ಎಂದರ್ಥ. ಕಾಣದಿದ್ದರೆ ಅದನ್ನೂ ಬರೆಯಿರಿ. ವಿವರ ಸಾಲದಿದ್ದರೆ ಇನ್ನಷ್ಟು ಕೇಳಿ. ಅಂದಂದಿನ ಪರೀಕ್ಷಾ ಆವೃತ್ತಿಯನ್ನು ಮಾಮೂಲಿ ಆವೃತ್ತಿಯ ಪಕ್ಕದಲ್ಲೇ ಹಾಕಿಕೊಳ್ಳಬಹುದು, ನಿಮ್ಮ ಕೆಲಸಕ್ಕೆ ತೊಂದರೆ ಆಗುವುದಿಲ್ಲ. ಒಂದು ಸಂಜೆ ಕೂತರೂ ಕೆಲಸ ಮುಂದಕ್ಕೆ ಹೋಗಿದ್ದು ಕಣ್ಣಿಗೆ ಕಾಣುತ್ತದೆ.

ಕನ್ನಡ ಓದಬಲ್ಲವರ ಬೆಲೆ ಗೊತ್ತಾಗುವುದೂ ಇಲ್ಲೇ. 'ರ‍್ಯಾಂಕ್' ಎಂದು ಟೈಪ್ ಮಾಡಿದ್ದು 'ರ್ಯಾಂಕ್' ಎಂದು ಅರ್ಕಾವೊತ್ತಿನಲ್ಲಿ ಮೂಡಿದರೆ ಬರ್ಲಿನ್‌ನಲ್ಲಿ ಕೂತ ಡೆವಲಪರ್‌ಗೆ ತಪ್ಪೇನೆಂದು ಹೇಗೆ ಗೊತ್ತಾಗಬೇಕು? ಎರಡೂ ಅವರ ಕಣ್ಣಿಗೆ ಒಂದೇ. ಒತ್ತಕ್ಷರ ಪಕ್ಕಕ್ಕೆ ಸರಿದಿದೆಯೋ, ಪಿಡಿಎಫ್‌ನಿಂದ ಕಾಪಿ ಮಾಡಿದ ಸಾಲು ಕೆಟ್ಟಿದೆಯೋ, ನಾವೇ ನೋಡಿ ಹೇಳಬೇಕು. ಕೆಲವು ದೂರುಗಳು ಬಗ್ ಅಲ್ಲವೇ ಅಲ್ಲ. ಲಿಬ್ರೆಆಫೀಸ್ ಕನ್ನಡವನ್ನು 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' (ಅಕ್ಷರಗಳು ಕೂಡಿದಾಗ ರೂಪ ಬದಲಾಗುವ ಲಿಪಿಗಳ) ಗುಂಪಿನಲ್ಲಿ ಇಟ್ಟಿದೆ, ಅದಕ್ಕೆ ಫಾಂಟ್ ಮತ್ತು ಅಳತೆ ಬೇರೆಯಾಗಿಯೇ ಹೊಂದಿಸಬೇಕು. ಇಂಗ್ಲಿಷ್ ಭಾಗದ ಫಾಂಟ್ ಮಾತ್ರ ಬದಲಿಸಿ "ಕನ್ನಡ ಅಕ್ಷರ ಬದಲಾಗುತ್ತಿಲ್ಲ" ಎನ್ನುವವರಿಗೆ ಈ ಒಂದು ಮಾತು ಸಾಕು, ಸಮಸ್ಯೆ ಅಲ್ಲೇ ಮುಗಿಯುತ್ತದೆ.

ಬಗ್ ಪರೀಕ್ಷಿಸಿದ ಮೇಲೆ ಉಳಿದ ಎರಡೂ ದಾರಿ ಸಲೀಸಾಗುತ್ತವೆ. ಯಾವ ಮೆನು ಎಲ್ಲಿದೆ ಎಂದು ಗೊತ್ತಿರುವುದರಿಂದ ಅನುವಾದ ಸರಿಯಾಗಿ ಬರುತ್ತದೆ. ನೀವೇ ಕಣ್ಣಾರೆ ಕಂಡ ಬಗ್ ಆದ್ದರಿಂದ ಅದರ ಕೋಡ್ ಹುಡುಕುವ ಹುಮ್ಮಸ್ಸೂ ಜಾಸ್ತಿ ಇರುತ್ತದೆ. ಸಿ++ ಚೆನ್ನಾಗಿ ಬರುತ್ತದೆ, ಒಳ್ಳೆಯ ಯಂತ್ರವೂ ಇದೆ ಎನ್ನುವವರು ನೇರ ಈಸಿ ಹ್ಯಾಕ್‌ಗೆ ಹೋಗಲಿ. ಮಿಕ್ಕವರು ಬಗ್‌ಜಿಲ್ಲಾದ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ 'ಕನ್ನಡ' ಎಂದು ಬರೆದು, ಬರುವ ವರದಿಗಳಲ್ಲಿ ಹಳೆಯದೊಂದನ್ನು ಇವತ್ತಿನ ಆವೃತ್ತಿಯಲ್ಲಿ ಮಾಡಿ ನೋಡಲಿ.