ಮುಕ್ಕಾಲು ಇಂಚಿನ ಲೆಕ್ಕ: ಪಿ365, ಗ್ಲಾಕ್ 43ಎಕ್ಸ್, ಶೀಲ್ಡ್ ಪ್ಲಸ್

ಸೊಂಟದಲ್ಲಿ ಮರೆಮಾಡಿ ಇಟ್ಟುಕೊಳ್ಳುವ ಮೂರು ಚಿಕ್ಕ ಪಿಸ್ತೂಲುಗಳನ್ನು ಹೋಲಿಸಿ ಒಂದನ್ನು ಕೊಂಡೆ. ಮೊದಲೇ ಹೇಳಿಬಿಡುತ್ತೇನೆ, ಮನೆಗೆ ಬಂದದ್ದು ಸಿಗ್ ಸೌರ್ ಪಿ365. ಕೊಂಡಿದ್ದಕ್ಕೆ ಖುಷಿಯೇ ಇದೆ. ಹಾಗಂತ ಗುಂಡು ಹೊಡೆದು ಅಭ್ಯಾಸ ಮಾಡುವ ರೇಂಜಿನಲ್ಲಿ ನನ್ನ ಈಡುಗಳು ಒತ್ತಾಗಿ ಬಿದ್ದದ್ದು ಅದರಲ್ಲಲ್ಲ, ಗ್ಲಾಕ್ 43ಎಕ್ಸ್‌ನಲ್ಲಿ. ಟ್ರಿಗರ್ ಹಿತವೆನಿಸಿದ್ದು ಸ್ಮಿತ್ ಆ್ಯಂಡ್ ವೆಸನ್ನಿನ ಶೀಲ್ಡ್ ಪ್ಲಸ್‌ನದು. ಎರಡು ವಿಷಯದಲ್ಲೂ ಹಿಂದೆ ಬಿದ್ದದ್ದನ್ನೇ ಯಾಕೆ ತಂದಿರಿ ಅಂತ ಭಾವ ಸಿಕ್ಕಾಗಲೆಲ್ಲ ಕೇಳುತ್ತಾರೆ. ಅವರಿಗೆ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ.

ನಾವಿರುವುದು ಟೆಕ್ಸಾಸ್‌ನಲ್ಲಿ, ಡಾಲಸ್ ಪಕ್ಕ. ಇಲ್ಲಿ 2021ರ ಸೆಪ್ಟೆಂಬರ್ 1ರಿಂದ, 21 ತುಂಬಿದ ಮತ್ತು ಕಾನೂನಿನ ಅಡ್ಡಿಯಿಲ್ಲದ ಯಾರೇ ಆದರೂ ಲೈಸೆನ್ಸ್ ಇಲ್ಲದೆ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ನಾನು ಆದರೂ ಲೈಸೆನ್ಸ್ ಮಾಡಿಸಿಕೊಂಡೆ. ಅಕ್ಕಪಕ್ಕದ ರಾಜ್ಯಗಳಿಗೆ ಕಾರಲ್ಲಿ ಹೋಗುವವರಿಗೆ ಅದು ಅನುಕೂಲ. ಈ ವಿಷಯ ಎತ್ತಿದರೆ ಆಫೀಸಿನ ಹುಡುಗರು "ನಾವೂ ಬರ್ತೀವಿ ರೇಂಜಿಗೆ" ಅನ್ನುತ್ತಾರೆ. ಅವರಿಗೆ ಒಂದು ಮಾತು. "ಅಡ್ಡಿಯಿಲ್ಲದ" ಅನ್ನುವುದರೊಳಗೆ ವೀಸಾವೂ ಬರುತ್ತದೆ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ನಿಷೇಧಿಸಿದೆ. ಬೇಟೆಯ ಲೈಸೆನ್ಸ್ ಪಡೆದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಉಂಟು. ಗ್ರೀನ್ ಕಾರ್ಡ್ ಬಂದವರಿಗೆ ಈ ತೊಡಕಿಲ್ಲ. ಗೆಳೆಯ ಕರೆದನೆಂದು ಹೋಗಿ ಬಾಡಿಗೆ ಪಿಸ್ತೂಲು ಕೈಗೆತ್ತಿಕೊಳ್ಳುವ ಮೊದಲು ವಕೀಲರನ್ನು ಕೇಳಿಕೊಳ್ಳಿ.

ನಾನು ಸಕಲೇಶಪುರದ ಕಡೆಯವನು. ತೋಟದ ಮನೆಯಲ್ಲಿ ಅಜ್ಜನ ಜೋಡುನಳಿಗೆ ಕೋವಿ ಇತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಮುಗಿದ ಮೇಲೆ ಬಿಡಿಸಿಕೊಂಡು ಬರುವುದು ಮನೆಯ ಒಂದು ಕೆಲಸವೇ ಆಗಿತ್ತು. ಕೋವಿ ಹಿಡಿದ ಕೈಗೆ ಪಿಸ್ತೂಲು ಲೆಕ್ಕಕ್ಕಿಲ್ಲ ಅಂದುಕೊಂಡವರು ಒಮ್ಮೆ ಹೊಡೆದು ನೋಡಲಿ. ಕೋವಿಯ ಒದೆತವನ್ನು ಭುಜ ನುಂಗುತ್ತದೆ. ಅಂಗೈಯಗಲದ ಪಿಸ್ತೂಲಿನದನ್ನು ಮಣಿಕಟ್ಟೇ ತಡೆದುಕೊಳ್ಳಬೇಕು. ಊರಿನಲ್ಲಿ ಲೈಸೆನ್ಸ್ ಇದ್ದವರಿಗೂ 9 ಎಂಎಂ ಸಿಗುವುದಿಲ್ಲ, ಅಲ್ಲಿ ಅದು ನಿಷೇಧಿತ ಬೋರು, ಅಂದರೆ ನಳಿಗೆಯ ಒಳ ಅಳತೆ. ಹೆಚ್ಚಿನವರ ಹತ್ತಿರ ಇರುವುದು .32. ಇಲ್ಲಿ 9 ಎಂಎಂ ತೋಟಾ ರಟ್ಟಿನ ಡಬ್ಬಿಯಲ್ಲಿ ಅಂಗಡಿಯ ಕೌಂಟರಿನ ಮೇಲೆಯೇ ಇರುತ್ತದೆ.

ಈಗ ಮೂರರ ವಿಷಯ. ಮೂರೂ 9 ಎಂಎಂ. ಪಿ365 ಬಂದದ್ದು 2018ರಲ್ಲಿ, 43ಎಕ್ಸ್ 2019ರಲ್ಲಿ, ಶೀಲ್ಡ್ ಪ್ಲಸ್ 2021ರಲ್ಲಿ. ಅದಕ್ಕೂ ಮೊದಲು ಸೊಂಟದಲ್ಲಿ ಮರೆಮಾಡುವಷ್ಟು ತೆಳ್ಳಗಿನ ಪಿಸ್ತೂಲು ಬೇಕೆಂದರೆ ಮ್ಯಾಗಜೀನಿನಲ್ಲಿ, ಅಂದರೆ ಹಿಡಿಕೆಯೊಳಗೆ ಕೂರುವ ತೋಟಾ ಡಬ್ಬಿಯಲ್ಲಿ, ಆರೋ ಏಳೋ ತೋಟಾ, ಅಷ್ಟೇ. ಪಿ365ರ ಮ್ಯಾಗಜೀನ್ ತಳದಲ್ಲಿ ತೋಟಾಗಳನ್ನು ಅತ್ತಿತ್ತ ಜೋಡಿಸಿಕೊಂಡು, ಮೇಲಕ್ಕೆ ಬರುತ್ತಾ ಒಂದೇ ಸಾಲಿಗೆ ಇಳಿಸುತ್ತದೆ. ಹಾಗಾಗಿ ಅದೇ ಗಾತ್ರದಲ್ಲಿ ಹತ್ತು ಹಿಡಿಸಿತು. ಉಳಿದ ಕಂಪನಿಗಳೂ ಅದೇ ದಾರಿ ಹಿಡಿದವು. ಅದರ ಇನ್ನೊಂದು ಮುಖವೆಂದರೆ, ಈ ಜಾತಿಯ ಯಾವ ಹೊಸ ಮ್ಯಾಗಜೀನಿಗಾದರೂ ಕೊನೆಯ ಒಂದೆರಡು ತೋಟಾ ಒತ್ತುವಷ್ಟರಲ್ಲಿ ಹೆಬ್ಬೆರಳು ಕೆಂಪಗಾಗಿರುತ್ತದೆ. ತೋಟಾ ತುಂಬುವ ಪ್ಲಾಸ್ಟಿಕ್ ಸಾಧನವೊಂದು ಸಿಗುತ್ತದೆ, ಅದನ್ನು ಮೊದಲ ದಿನವೇ ತಂದಿಟ್ಟುಕೊಳ್ಳಿ.

ತೂಕ ಮೂರಕ್ಕೂ ಅರ್ಧ ಕೆಜಿಯ ಆಚೀಚೆ. ಬೆಲೆಯೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ, 500 ಡಾಲರಿನ ಹಿಂದುಮುಂದು. ಇವೆರಡನ್ನು ನೋಡಿ ಆರಿಸುವವರು ಸಮಯ ಹಾಳುಮಾಡುತ್ತಿದ್ದಾರೆ.

ನಾವು ಹೋಗುವುದು ಕಟ್ಟಡದೊಳಗಿನ ರೇಂಜು. ಒಂದು ಶುಲ್ಕ ಕಟ್ಟಿದರೆ ಬಾಡಿಗೆ ಪಿಸ್ತೂಲುಗಳನ್ನು ಬದಲಾಯಿಸಿಕೊಂಡು ಹೊಡೆಯಬಹುದು, ತೋಟಾ ಮಾತ್ರ ಅವರ ಹತ್ತಿರವೇ ಕೊಳ್ಳಬೇಕು. ಒಬ್ಬರೇ ಬಂದರೆ ಬಾಡಿಗೆಗೆ ಕೊಡದ ರೇಂಜುಗಳೂ ಇವೆ. ಆತ್ಮಹತ್ಯೆಯ ಭಯ ಅವರಿಗೆ. ಭಾವನ ಹತ್ತಿರ 43ಎಕ್ಸ್ ಮೊದಲೇ ಇದ್ದದ್ದರಿಂದ ಅದನ್ನು ರೇಂಜಿನಲ್ಲೂ ಮನೆಯಲ್ಲೂ ನೋಡುವ ಅವಕಾಶ ಸಿಕ್ಕಿತು.

ಹೋಲಿಸುವುದಕ್ಕೆ ನಾನು ಟೆಕ್ಸಾಸ್ ಲೈಸೆನ್ಸಿನ ಪರೀಕ್ಷೆಯನ್ನೇ ಇಟ್ಟುಕೊಂಡೆ. 3 ಗಜದಿಂದ 20 ಈಡು, 7 ಗಜದಿಂದ 20, 15 ಗಜದಿಂದ 10. ಒಟ್ಟು 250 ಅಂಕ, ಪಾಸಾಗಲು 175. ಮೂರು ಗಜದಲ್ಲಿ ಯಾವ ಪಿಸ್ತೂಲಾದರೂ ಒಂದೇ. ಏಳರಲ್ಲೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಹದಿನೈದಕ್ಕೆ ಹೋದಾಗ ಗೊತ್ತಾಯಿತು. 43ಎಕ್ಸ್‌ನಲ್ಲಿ ಗುರಿಯ ಕಾಗದದಲ್ಲಿರುವ ಮನುಷ್ಯಾಕೃತಿಯ ಎದೆಯ ಮೇಲೆ ಈಡುಗಳು ಒಂದು ಗುಂಪಾಗಿ ನಿಂತವು. ಪಿ365ರಲ್ಲಿ ಎಡಕ್ಕೆ, ಕೆಳಕ್ಕೆ ಚೆದುರಿದವು. ಶೀಲ್ಡ್ ಪ್ಲಸ್ ಇವೆರಡರ ನಡುವೆ.

ಇದಕ್ಕೆಲ್ಲ ಮೂಲ ಹಿಡಿಕೆ. 43ಎಕ್ಸ್‌ನ ಎತ್ತರ 5.04 ಇಂಚು, ಪಿ365ರದು 4.3. ಮಧ್ಯೆ ಇರುವುದು ಮುಕ್ಕಾಲು ಇಂಚು. ಆ ಮುಕ್ಕಾಲು ಇಂಚಿನಲ್ಲಿ ಕಿರುಬೆರಳು ಕೂರುತ್ತದೆ. ಕಿರುಬೆರಳಿಗೆ ಜಾಗವಿದ್ದರೆ ಪಿಸ್ತೂಲು ಒದ್ದಾಗ ಮೂತಿ ಮೇಲಕ್ಕೆ ಹೋದರೂ ತಾನಾಗಿಯೇ ಗುರಿಗೆ ಇಳಿಯುತ್ತದೆ. ಅದು ಗಾಳಿಯಲ್ಲಿದ್ದರೆ ಉಳಿದೆರಡು ಬೆರಳುಗಳ ಮೇಲೆ ಭಾರ ಬಿದ್ದು, ಪ್ರತಿ ಈಡಿಗೂ ಹಿಡಿತವನ್ನು ಹೊಸದಾಗಿ ಕೂರಿಸಿಕೊಳ್ಳಬೇಕು. ಪಿ365ರ ಹತ್ತು ತೋಟಾದ ಮ್ಯಾಗಜೀನ್ ಹಾಕಿದಾಗ ನನ್ನ ಕಿರುಬೆರಳು ಅರ್ಧ ಹೊರಗೇ. ಕಂಪನಿಯದೇ ಹನ್ನೆರಡರ ಮ್ಯಾಗಜೀನ್ ಹಾಕಿದರೆ ಪೂರ್ತಿ ಕೂರುತ್ತದೆ. ರೇಂಜಿಗೆ ಈಗ ಹನ್ನೆರಡರದ್ದೇ ಒಯ್ಯುವುದು.

ಇನ್ನು ನನ್ನ ತಲೆ ತಿಂದ ವಿಷಯ. ಕೊನೆಯ ಈಡು ಹೊಡೆದ ಮೇಲೆ ಪಿಸ್ತೂಲಿನ ಸ್ಲೈಡ್, ಅಂದರೆ ಮೇಲ್ಭಾಗದ ಜಾರುವ ಲೋಹದ ಭಾಗ, ಹಿಂದೆ ಸರಿದು ಅಲ್ಲೇ ನಿಲ್ಲಬೇಕು. ಖಾಲಿಯಾಗಿದೆ, ಮ್ಯಾಗಜೀನ್ ಬದಲಾಯಿಸು ಅನ್ನುವುದಕ್ಕೆ ಅದೇ ಗುರುತು. ಪಿ365ರಲ್ಲಿ ನನಗೆ ಅದು ನಿಲ್ಲುತ್ತಲೇ ಇರಲಿಲ್ಲ. ಹೊಡೆಯುತ್ತಾ ಇದ್ದೇನೆ, ಟ್ರಿಗರ್ ಎಳೆದರೆ ಟಕ್ ಅನ್ನುವ ಸಣ್ಣ ಸದ್ದು, ಅಷ್ಟೇ. ಸ್ಲೈಡ್ ಮುಂದೆಯೇ ಮುಚ್ಚಿಕೊಂಡಿದೆ. ತೋಟಾ ಸಿಡಿಯಲಿಲ್ಲವೋ, ಸಿಕ್ಕಿಹಾಕಿಕೊಂಡಿದೆಯೋ, ಖಾಲಿಯೋ ಗೊತ್ತಾಗುವುದಿಲ್ಲ. ಸಿಡಿಯದ ತೋಟಾ ಇರಬಹುದಾದ್ದರಿಂದ ಮೂತಿಯನ್ನು ಗುರಿಯ ಕಡೆಗೇ ಇಟ್ಟುಕೊಂಡು ಕಾಯಬೇಕು, ಆಮೇಲೆ ತೆರೆದು ನೋಡಬೇಕು. ನೋಡಿದರೆ ಪ್ರತಿ ಸಲವೂ ಖಾಲಿ. ಮ್ಯಾಗಜೀನ್ ಬದಲಾಯಿಸಿದೆ, ಹಾಗೇ. ಬೇರೆ ತೋಟಾ ತಂದೆ, ಹಾಗೇ. ಭಾವನ ಕೈಗೆ ಕೊಟ್ಟರೆ ಮಾತ್ರ ಕೊನೆಯ ಈಡಿಗೆ ಠಪ್ಪನೆ ಹಿಂದೆ ನಿಲ್ಲುತ್ತಿತ್ತು. ಅವರ ಮುಖದಲ್ಲಿ ಒಂದು ನಗು ಬೇರೆ.

ರೇಂಜಿನಲ್ಲಿ ಸುರಕ್ಷತೆ ನೋಡಿಕೊಳ್ಳುವ ರೇಂಜ್ ಆಫೀಸರ್ ಒಬ್ಬರು, ವಯಸ್ಸಾದವರು, ಸ್ವಲ್ಪ ಹೊತ್ತು ಹಿಂದೆ ನಿಂತು ನೋಡಿದರು. ಮ್ಯಾಗಜೀನಿಗೆ ಒಂದೇ ಒಂದು ತೋಟಾ ಹಾಕಿ ಹೊಡೆಯಲು ಹೇಳಿದರು. ನಿಲ್ಲಲಿಲ್ಲ. ಇನ್ನೊಂದು ಹಾಕಿಸಿ, ಬಲಗೈ ಹೆಬ್ಬೆರಳನ್ನು ಪೂರ್ತಿ ಮೇಲೆತ್ತಿ ಹೊಡೆಯಲು ಹೇಳಿದರು. ಠಪ್, ನಿಂತಿತು. ಮ್ಯಾಗಜೀನ್ ಖಾಲಿಯಾದಾಗ ಒಳಗಿನ ಸ್ಪ್ರಿಂಗ್ ತಟ್ಟೆ ಮೇಲೆದ್ದು ಸ್ಲೈಡ್ ಸ್ಟಾಪ್ ಅನ್ನುವ ಪುಟ್ಟ ಸನ್ನೆಕೋಲನ್ನು ಎತ್ತುತ್ತದೆ, ಅದು ಸ್ಲೈಡಿನ ಕಚ್ಚಿಗೆ ಸಿಕ್ಕಿ ಸ್ಲೈಡನ್ನು ಹಿಡಿದು ನಿಲ್ಲಿಸುತ್ತದೆ. ಎರಡೂ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಎತ್ತರಕ್ಕೆ ಹಿಡಿಯುವುದು ನನ್ನ ರೂಢಿ. ಇಷ್ಟು ಗಿಡ್ಡ ಪಿಸ್ತೂಲಿನಲ್ಲಿ ಹಾಗೆ ಹಿಡಿದರೆ ಹೆಬ್ಬೆರಳು ಆ ಸನ್ನೆಕೋಲಿನ ಮೇಲೇ ಹೋಗಿ ಕೂರುತ್ತದೆ. ಪಾಪ, ಅದು ಮೇಲೇಳುವುದಾದರೂ ಹೇಗೆ? ಪಿಸ್ತೂಲಿನ ದೋಷ ಇದರಲ್ಲಿ ಏನೂ ಇಲ್ಲ. ನನ್ನ ಹೆಬ್ಬೆರಳು ಉದ್ದ, ಭಾವನದು ಗಿಡ್ಡ.

ಗೊತ್ತಾದ ಮೇಲೂ ರೂಢಿ ಬಿಡುವುದು ಸುಲಭವಾಗಲಿಲ್ಲ. ಬಲ ಹೆಬ್ಬೆರಳನ್ನು ಎಡ ಹೆಬ್ಬೆರಳ ಬುಡದ ಮೇಲೆ ಹತ್ತಿಸಿ ಇಟ್ಟುಕೊಳ್ಳುವುದು ಉಪಾಯ. ನಿಧಾನವಾಗಿ ಹೊಡೆಯುವಾಗ ನೆನಪಿರುತ್ತದೆ, ವೇಗ ಹೆಚ್ಚಿಸಿದ ತಕ್ಷಣ ಹೆಬ್ಬೆರಳು ಹಳೆಯ ಜಾಗಕ್ಕೆ ಇಳಿಯುತ್ತದೆ. ಹನ್ನೆರಡರ ಮ್ಯಾಗಜೀನ್ ಇಲ್ಲೂ ಅರ್ಧ ಉಪಕಾರ ಮಾಡಿತು. ಕಿರುಬೆರಳಿಗೆ ಆಸರೆ ಸಿಕ್ಕಿದ್ದರಿಂದ ಹೆಬ್ಬೆರಳಿನಿಂದ ಅಮುಕುವುದು ಕಡಿಮೆಯಾಯಿತು. ಉಳಿದರ್ಧಕ್ಕೆ ಮನೆಯಲ್ಲಿ, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಖಾಲಿ ಪಿಸ್ತೂಲು ಹಿಡಿದು ಅಭ್ಯಾಸ ಮಾಡಬೇಕಾಯಿತು. ಈಗಲೂ ಒಮ್ಮೊಮ್ಮೆ ಟಕ್ ಅನ್ನುತ್ತದೆ. 43ಎಕ್ಸ್‌ನಲ್ಲಿ ನನಗೆ ಈ ತಾಪತ್ರಯ ಬರಲೇ ಇಲ್ಲ.

ಹಾಗಿದ್ದರೆ 43ಎಕ್ಸ್ ತರಬೇಕಿತ್ತಲ್ಲ? ಪಿಸ್ತೂಲು ಇರುವುದು ರೇಂಜಿನಲ್ಲಿ ಹೊಡೆಯುವುದಕ್ಕಷ್ಟೇ ಆಗಿದ್ದರೆ ಅದನ್ನೇ ತರುತ್ತಿದ್ದೆ. ಇದು ದಿನವಿಡೀ ಸೊಂಟದಲ್ಲಿ, ಯಾರ ಕಣ್ಣಿಗೂ ಬೀಳದೆ ಇರಬೇಕಾದ ವಸ್ತು. ನಳಿಗೆ ಉದ್ದವಾದರೆ ಪ್ಯಾಂಟಿನೊಳಗೆ ಇಳಿದು ಮರೆಯಾಗುತ್ತದೆ, ಅದು ತೊಂದರೆಯೇ ಅಲ್ಲ. ಹೊರಗೆ ಉಬ್ಬಿ ಕಾಣುವುದು ಬೆಲ್ಟಿನ ಮೇಲೆ ಉಳಿಯುವ ಹಿಡಿಕೆ. ರೇಂಜಿನಲ್ಲಿ ವರವಾದ ಮುಕ್ಕಾಲು ಇಂಚು ಅಂಗಿಯ ಅಡಿಯಲ್ಲಿ ಶಾಪ.

ಇಲ್ಲಿಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ನಾನು ಹಾಕುವುದು ತೆಳು ಹತ್ತಿ ಅಂಗಿ, ಹಬ್ಬಕ್ಕೆ ಕುರ್ತಾ. ಜಾಕೆಟ್ ಅಭ್ಯಾಸವಿಲ್ಲ. ಭಾವನ 43ಎಕ್ಸನ್ನು ಖಾಲಿ ಮಾಡಿ, ಅವರದೇ ಹೋಲ್ಸ್ಟರಿನಲ್ಲಿ (ಪಿಸ್ತೂಲಿನ ಒರೆ) ಬಲ ಸೊಂಟದ ಸ್ವಲ್ಪ ಹಿಂದೆ ಸಿಕ್ಕಿಸಿಕೊಂಡು ಮನೆಯೊಳಗೆ ಓಡಾಡಿ ನೋಡಿದೆ. ನಿಂತಾಗ ಏನೂ ಗೊತ್ತಾಗುವುದಿಲ್ಲ. ಗ್ಯಾರೇಜಿನಲ್ಲಿದ್ದ 20 ಪೌಂಡಿನ ಸೋನಾ ಮಸೂರಿ ಚೀಲ ಎತ್ತಲು ಬಗ್ಗಿದೆ. ಬೆನ್ನ ಮೇಲೆ ಅಂಗಿ ಬಿಗಿದು, ಹಿಡಿಕೆಯ ಹಿಂಬದಿಯ ಮೂಲೆ ಚೂಪಾಗಿ ಎದ್ದು ನಿಂತಿತು. "ಏನ್ರೀ ಅದು, ಪಕ್ಕೆಯಲ್ಲಿ ಗಂಟು ಬಂದಂಗಿದೆ" ಅಂದಳು ಹೆಂಡತಿ. ಪಿ365 ಸಿಕ್ಕಿಸಿಕೊಂಡು ಅದೇ ಚೀಲ ಎತ್ತಿದಾಗ ಅವಳು ಹುಡುಕಿ ನೋಡಬೇಕಾಯಿತು.

ಭಾವನ ಕತೆ ಬೇರೆ. ಅವರು ನನಗಿಂತ ಅರ್ಧ ಅಡಿ ಎತ್ತರ, ದೊಗಲೆ ಟೀ ಶರ್ಟು, ಮೇಲೊಂದು ಗುಂಡಿ ಹಾಕದ ಅಂಗಿ. ಅವರ ಮೈಮೇಲೆ 43ಎಕ್ಸ್ ಎಲ್ಲಿದೆ ಅಂತ ನನಗೇ ಗೊತ್ತಾಗುವುದಿಲ್ಲ.

ಇನ್ನೊಂದು ರೂಢಿಯೂ ಲೆಕ್ಕಕ್ಕೆ ಬಂತು. ಇಲ್ಲಿ ಬಾಗಿಲಲ್ಲಿ 30.06 ಅನ್ನುವ ಬೋರ್ಡ್ ಹಾಕಿದ್ದರೆ ಲೈಸೆನ್ಸ್ ಇದ್ದವರು ಪಿಸ್ತೂಲು ಮರೆಮಾಡಿಕೊಂಡು ಒಳಗೆ ತರುವಂತಿಲ್ಲ. ಶಾಲೆಯೊಳಗೆ ಹೇಗೂ ಇಲ್ಲ. ದೇವಸ್ಥಾನ, ಮಗಳ ಶಾಲೆ, ಕೆಲವು ಅಂಗಡಿ ಅಂತ ದಿನಕ್ಕೆ ಹಲವು ಸಲ ಹೋಲ್ಸ್ಟರ್ ಸಮೇತ ಕಳಚಿ ಕಾರಿನ ಸೀಟಿನಡಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಬದುಕು ನನ್ನದು. ಆ ಪೆಟ್ಟಿಗೆ ಪುಸ್ತಕದಷ್ಟಿದೆ. ಪಿ365 ಅದರಲ್ಲಿ ಹೋಲ್ಸ್ಟರ್ ಬಿಚ್ಚದೆ ಹಿಡಿಸುತ್ತದೆ. ಹೋಲ್ಸ್ಟರಿನಿಂದ ತೆಗೆಯದಿದ್ದರೆ ಟ್ರಿಗರ್ ಸದಾ ಮುಚ್ಚಿರುತ್ತದೆ, ಕಾರಿನೊಳಗೆ ಬೆರಳಿಗೂ ಅದಕ್ಕೂ ಸಂಬಂಧವೇ ಬರುವುದಿಲ್ಲ. ನನಗೆ ಇದು 15 ಗಜದ ಅಂಕಗಳಿಗಿಂತ ದೊಡ್ಡದು.

ಶೀಲ್ಡ್ ಪ್ಲಸ್‌ಗೆ ಅನ್ಯಾಯ ಮಾಡುತ್ತಿದ್ದೇನೆ ಅಂತ ಗೊತ್ತು. ಅದರ ಚಪ್ಪಟೆ ಟ್ರಿಗರ್ ಎಲ್ಲಿ ಬಿಡುತ್ತದೆ ಅಂತ ಬೆರಳಿಗೆ ಖಚಿತವಾಗಿ ತಿಳಿಯುತ್ತದೆ. ಹಿಡಿಕೆಯ ಹಿಂಬದಿ ದುಂಡಗೆ ಅಂಗೈ ತುಂಬುತ್ತದೆ. ಹತ್ತರ ಮತ್ತು ಹದಿಮೂರರ ಮ್ಯಾಗಜೀನ್ ಎರಡೂ ಸಿಗುತ್ತವೆ. ಪಿ365 ಇಲ್ಲದಿದ್ದರೆ ಕಣ್ಣು ಮುಚ್ಚಿ ತರುತ್ತಿದ್ದೆ.

ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರಿಕಣ್ಣಿನ ಬಗ್ಗೆ ಒಂದೇ ಮಾತು: ನಾನು ಕೊಂಡ ಪಿ365ರ ಮುಂಗಣ್ಣಿಗೆ ಹಸಿರು ಉಂಗುರವಿದೆ, ನಲವತ್ತು ದಾಟಿದ ಕಣ್ಣಿಗೆ ಅದು ಬೇಗ ಸಿಗುತ್ತದೆ.

ಬಜೆಟ್ಟು ಹಾಕುವವರು ಪಿಸ್ತೂಲಿನ ಬೆಲೆ ನೋಡಿ ನಿಲ್ಲಬೇಡಿ. ಕೈಡೆಕ್ಸ್ ಅನ್ನುವ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್ಸ್ಟರ್, ಅದರ ಭಾರಕ್ಕೆ ಬಾಗದ ಗಟ್ಟಿ ಬೆಲ್ಟು, ಇನ್ನೆರಡು ಮ್ಯಾಗಜೀನ್, ಮನೆಗೊಂದು ಬೀಗದ ಪೆಟ್ಟಿಗೆ, ಅಭ್ಯಾಸದ ತೋಟಾ, ಸೊಂಟದಲ್ಲಿಟ್ಟುಕೊಳ್ಳುವ ದುಬಾರಿ ಹಾಲೋ ಪಾಯಿಂಟ್ (ಗುಂಡಿನ ತುದಿಯಲ್ಲಿ ಕುಳಿ ಇರುವ) ತೋಟಾ. ಇದೆಲ್ಲ ಸೇರಿದರೆ ಪಿಸ್ತೂಲಿನಷ್ಟೇ ಇನ್ನೊಮ್ಮೆ ಖರ್ಚು. ಬೆಲ್ಟಿನಲ್ಲಿ ಜಿಪುಣತನ ಮಾಡಿದರೆ ಎಂಥ ಚಿಕ್ಕ ಪಿಸ್ತೂಲೂ ಹೊರಕ್ಕೆ ವಾಲಿ ಕಾಣುತ್ತದೆ.

ಹೆಂಡತಿ ಈಗ ತನಗೂ ಒಂದು ನೋಡೋಣ ಅನ್ನುತ್ತಿದ್ದಾಳೆ. ಮೂರರ ಸ್ಲೈಡನ್ನೂ ಎಳೆದು ನೋಡಿದ್ದಾಳೆ. ಅವಳ ಒಲವು ಶೀಲ್ಡ್ ಪ್ಲಸ್ ಕಡೆ. ಹದಿಮೂರರ ಮ್ಯಾಗಜೀನ್ ಹಾಕಿ ಹದಿನೈದು ಗಜದಿಂದ ಹೊಡೆಸಿ ನೋಡುವುದು ಬಾಕಿಯಿದೆ. ಚೂಡಿದಾರದ ಮೇಲೆ ಬೆಲ್ಟು ಕಟ್ಟುವುದು ಎಲ್ಲಿ ಅನ್ನುವ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.